ಅಣ್ಣನಿಗೆ 36 ಪರ್ಸೆಂಟ್ ಬರೆದಿದ್ದಾರೆ, ಪಿಂಚಣಿ ಇಲ್ಲ ಅಂತಾರೆ. ಅಪೀಲು ಮಾಡುವುದು ಎಲ್ಲಿ?

ಗಡಿನಾಡ ತಂಗಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಮಂಜೇಶ್ವರ ತಾಲೂಕಿನ ಒಳಭಾಗ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಅಣ್ಣನಿಗೆ ವಯಸ್ಸು 44. ಅಡಿಕೆ ಮರ ಹತ್ತಿ ಕೊಯ್ಯುವುದು, ಮಳೆಗಾಲದಲ್ಲಿ ಮದ್ದು ಬಿಡುವುದು, ಇದೇ ಅವನ ಕೆಲಸ. ಹೋದ ವರ್ಷ ಎರಡನೇ ಸಲದ ಮದ್ದು ಬಿಡುವಾಗ ಮರ ಜಾರಿ ಬಿದ್ದ. ಬಲಗಾಲಿನ ತೊಡೆ ಮೂಳೆ ಸೊಂಟದ ಹತ್ತಿರವೇ ಮುರಿಯಿತು. ಮಂಗಳೂರಿನಲ್ಲಿ ಆಪರೇಷನ್ ಆಗಿ ರಾಡ್ ಹಾಕಿದ್ದಾರೆ. ಈಗ ಆ ಕಾಲು ಸ್ವಲ್ಪ ಗಿಡ್ಡ. ಅಂಗಳದಲ್ಲಿ ಕೋಲು ಹಿಡಿದು ನಡೆಯುತ್ತಾನೆ. ತೋಟಕ್ಕೆ ಇಳಿಯಲು ಆಗುವುದಿಲ್ಲ, ನೆಲದಲ್ಲಿ ಕೂರಲು ಆಗುವುದಿಲ್ಲ. ಮರ ಹತ್ತುವ ಮಾತಂತೂ ಮುಗಿಯಿತು.

ಮೆಡಿಕಲ್ ಬೋರ್ಡಿಗೆ ಹೋಗಿ ಬಂದೆವು. ಅಂಗವಿಕಲರ ಗುರುತಿನ ಕಾರ್ಡ್, ಯುಡಿಐಡಿ ಅಂತಾರಲ್ಲ, ಅದು ಬಂತು. ಅಂಗವೈಕಲ್ಯ 36 ಪರ್ಸೆಂಟ್ ಅಂತ ಇದೆ. ಅದನ್ನು ಹಿಡಿದು ಪಂಚಾಯತಿನಲ್ಲಿ ಅಂಗವಿಕಲ ಪಿಂಚಣಿಗೆ ಅರ್ಜಿ ಕೊಟ್ಟೆವು. ಸ್ವಲ್ಪ ಸಮಯದ ನಂತರ ಒಂದು ಕಾಗದ ಬಂತು, ಪೂರ್ತಿ ಮಲಯಾಳದಲ್ಲಿ. ನಾವಿಬ್ಬರೂ ಕನ್ನಡ ಶಾಲೆಯಲ್ಲಿ ಓದಿದವರು. ಪಕ್ಕದ ಮನೆಯ ಹುಡುಗಿ ಓದಿ ಹೇಳಿದಳು, 40 ಇಲ್ಲದ ಕಾರಣ ಅರ್ಜಿ ತಿರಸ್ಕಾರವಂತೆ.

ನಾಲ್ಕು ಪರ್ಸೆಂಟಿಗೆ ಒಬ್ಬ ಮನುಷ್ಯನ ಅನ್ನ ಹೋಯಿತು ಅಂತ ಹೊಟ್ಟೆ ಉರಿಯುತ್ತದೆ. ಪಂಚಾಯತಿನಲ್ಲಿ ಕೇಳಿದರೆ "ನಮ್ಮ ಕೈಯಲ್ಲಿ ಏನೂ ಇಲ್ಲ" ಅಂತಾರೆ. ವಾರ್ಡ್ ಮೆಂಬರು "ಮುಂದಿನ ವರ್ಷ ನೋಡುವ" ಅಂತಾರೆ. ಪೇಟೆಯಲ್ಲಿ ಒಬ್ಬರು ಎಂಟು ಸಾವಿರ ಕೊಟ್ಟರೆ 45 ಮಾಡಿಸಿ ಕೊಡುತ್ತೇನೆ ಅಂತ ಬೇರೆ ಹೇಳಿದ್ದಾರೆ.

ಅಪೀಲು ಪಂಚಾಯತಿನ ಮೇಲೆ ಮಾಡುವುದಾ? ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರಾ? ಅಪೀಲು ಮಾಡಿ ಇದ್ದ 36 ಕೂಡ ಕಡಿಮೆಯಾದರೆ ಎಂತ ಮಾಡುವುದು? ಗೊತ್ತಿದ್ದವರು ದಯವಿಟ್ಟು ಹೇಳಿ.


ಕುಂಬಳೆ ಪ್ಯಾಸೆಂಜರ್:

ಅಪೀಲು ಗಿಪೀಲು ಅಂತ ಸುಮ್ನೆ ಅಲೆಯಬೇಡಿ ಅಕ್ಕ. ಆಪರೇಷನ್ ಮಂಗಳೂರಿನಲ್ಲೇ ಆಗಿದೆಯಲ್ಲ, ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲೇ ಹೊಸ ಸರ್ಟಿಫಿಕೇಟ್ ಮಾಡಿಸಿ. ಮಾತಾಡಲಿಕ್ಕೂ ಸುಲಭ. ನಮ್ಮ ಕಡೆಯವರು ಎಲ್ಲದಕ್ಕೂ ರೈಲು ಹತ್ತಿ ಮಂಗಳೂರಿಗೇ ಹೋಗುವುದು, ಇದೊಂದಕ್ಕೆ ಯಾಕೆ ಬೇಡ?


ಎಣ್ಮಕಜೆ ಮಣ್ಣು:

ನಿಮ್ಮ ಮನೆ ಗೇರು ತೋಟದ ಹತ್ತಿರವಾ? ಇದ್ದರೆ ಯಾರಾದರೂ "ಎಂಡೋಸಲ್ಫಾನ್ ಪಟ್ಟಿಗೆ ಹೆಸರು ಸೇರಿಸಿ" ಅಂತ ಖಂಡಿತ ಹೇಳುತ್ತಾರೆ. ನಮ್ಮ ಊರಿನಲ್ಲಿ ಯಾವ ಕಾಯಿಲೆ ಹೇಳಿದರೂ ಮೊದಲು ಬರುವ ಸಲಹೆ ಅದೇ. ಅದು ಗೇರು ತೋಟಕ್ಕೆ ಬಿಟ್ಟ ಆ ಕೀಟನಾಶಕದಿಂದ ತೊಂದರೆಯಾದವರದ್ದು, ಆ ದಾರಿ ಬೇರೆ. ಅದಕ್ಕೆ ಬೇರೆ ಪಟ್ಟಿ, ಬೇರೆ ಡಾಕ್ಟರುಗಳ ಶಿಬಿರ. ಮರದಿಂದ ಬಿದ್ದ ಪೆಟ್ಟಿಗೂ ಅದಕ್ಕೂ ಸಂಬಂಧ ಇಲ್ಲ.

ಪಟ್ಟಿಯಲ್ಲಿ ಇದ್ದವರ ಕತೆಯೂ ಸುಲಭದ್ದಲ್ಲ. 5 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ, ಅದೂ ಮೂರು ತಿಂಗಳೊಳಗೆ. 2022ರ ಮೇ ತಿಂಗಳಿನಲ್ಲಿ ಕೋರ್ಟು ಮತ್ತೆ ಕೇಳಿದಾಗ 3,704 ಜನರಲ್ಲಿ ಹಣ ಸಿಕ್ಕಿದ್ದು ಎಂಟು ಜನರಿಗೆ. ಕೋರ್ಟಿಗೆ ಹೋದವರಿಗೆ ಮಾತ್ರ! ಆಮೇಲೆ ಬಿಸಿ ಮುಟ್ಟಿತು. ಹಾಗಾಗಿ ಕೇಳದೆ ಇದ್ದರೆ ಏನೂ ಬರುವುದಿಲ್ಲ. ಅಪೀಲು ಮಾಡಿ, ಬಿಡಬೇಡಿ.


ನಿವೃತ್ತ ಮಾಷ್ಟ್ರು:

ತಂಗೀ, ಮೊದಲು ಒಂದು ವಿಷಯ ಬಿಡಿಸಿಕೊಳ್ಳುವ. ನಿಮ್ಮ ಕೈಯಲ್ಲಿ ಇರುವುದು ಎರಡು ತೀರ್ಮಾನ. ಒಂದು ಮೆಡಿಕಲ್ ಬೋರ್ಡಿನದ್ದು, 36 ಅಂತ. ಇನ್ನೊಂದು ಪಂಚಾಯತಿನದ್ದು, ಪಿಂಚಣಿ ಇಲ್ಲ ಅಂತ. ಸಿಟ್ಟು ಬರುವುದು ಎರಡನೆಯದರ ಮೇಲೆ, ಯಾಕೆಂದರೆ ಕಾಗದ ಬಂದದ್ದು ಅಲ್ಲಿಂದ. ಆದರೆ ಪಂಚಾಯತಿನವರು 36 ಅನ್ನು 40 ಅಂತ ಓದಲು ಸಾಧ್ಯವಿಲ್ಲ. ಕೇರಳದ ಈ ಪಿಂಚಣಿಗೆ 40 ಬೇಕೇ ಬೇಕು. ಅಲ್ಲಿ ಅಪೀಲು ಹಾಕಿದರೆ ಅದೇ ಉತ್ತರ ಇನ್ನೊಂದು ಲಕೋಟೆಯಲ್ಲಿ ಬರುತ್ತದೆ, ಅಷ್ಟೇ. ಪ್ರಶ್ನೆ ಮಾಡಬೇಕಾದ್ದು 36 ಅನ್ನು.

ಅದಕ್ಕೆ ಮೊದಲು ಎರಡು ಮಾತು ತಿಳಿಸಿ. ಸರ್ಟಿಫಿಕೇಟಿನಲ್ಲಿ ಯಾವ ಅಂಗವೈಕಲ್ಯ ಅಂತ ಬರೆದಿದ್ದಾರೆ, ಒಂದಾ, ಎರಡಾ? ಅಣ್ಣನಿಗೆ ಕಾಲು ಬಿಟ್ಟು ಬೇರೆ ಏನಾದರೂ ಇದೆಯಾ? ಕಿವಿ, ಕಣ್ಣು, ಕೈ, ಹಳೆಯದಾದರೂ ಪರವಾಗಿಲ್ಲ.

ಪ್ಯಾಸೆಂಜರ್ ಅವರು ಹೇಳಿದ ದಾರಿ ಬೇಡ. ಯುಡಿಐಡಿ ಎಂದರೆ ಒಬ್ಬರಿಗೆ ಒಂದೇ ನಂಬರು. ಆಧಾರ್ ಹಾಕಿದ ಕೂಡಲೇ ಮೊದಲಿನದ್ದು ಎದುರು ಬಂದು ನಿಲ್ಲುತ್ತದೆ. ಒಂದು ಕಡೆ 36, ಇನ್ನೊಂದು ಕಡೆ 45 ಅಂತಾದರೆ ಎರಡರ ಮೇಲೂ ಸಂಶಯ.


ಗಡಿನಾಡ ತಂಗಿ:

ಮಾಷ್ಟ್ರೇ, ಸರ್ಟಿಫಿಕೇಟ್ ಈಗ ತೆಗೆದು ನೋಡಿದೆ. ಇಂಗ್ಲಿಷಿನಲ್ಲಿ ಲೋಕೋಮೋಟರ್ ಡಿಸೆಬಿಲಿಟಿ (ಕೈಕಾಲಿನ ಚಲನೆಯ ತೊಂದರೆ) ಅಂತ ಒಂದೇ ಇದೆ. ಬಲಗಾಲು ಅಂತ ಬರೆದಿದ್ದಾರೆ. 36. ಬೇರೇನೂ ಇಲ್ಲ.

ಕಣ್ಣಿನ ವಿಷಯ ಕೇಳಿದ್ದೀರಿ. ಅಣ್ಣನ ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿದೆ. ಬಿದಿರಿನ ಕಡ್ಡಿ ತಾಗಿದ್ದು. ಬೆಳಕು ಕೂಡ ಕಾಣುವುದಿಲ್ಲ. ಆದರೆ ಅದು ಮೂವತ್ತು ವರ್ಷಕ್ಕಿಂತ ಹಳೆಯದು. ಒಂದೇ ಕಣ್ಣಿನಲ್ಲಿ ಅವನು ಮರದಿಂದ ಮರಕ್ಕೆ ಹೋಗುತ್ತಿದ್ದವ. ಮನೆಯಲ್ಲಿ ಯಾರೂ ಅದನ್ನು ಒಂದು ತೊಂದರೆ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಲಗಣ್ಣು ಚೆನ್ನಾಗಿದೆ, ಕನ್ನಡಕವೂ ಇಲ್ಲ. ಬೋರ್ಡಿನಲ್ಲಿ ಕಣ್ಣಿನ ಡಾಕ್ಟರು ನೋಡಲೇ ಇಲ್ಲ. ಮೂಳೆ ಡಾಕ್ಟರು ಮಾತ್ರ.


ಅಕ್ಷಯದ ಹುಡುಗಿ:

ಇದು ಹೇಗಾಯಿತು ಅಂತ ನಾನು ಹೇಳುತ್ತೇನೆ, ನಾನು ಬೇರೆ ಊರಿನ ಅಕ್ಷಯದಲ್ಲಿ, ಅಂದರೆ ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕೇಂದ್ರದಲ್ಲಿ, ಕೆಲಸ ಮಾಡುವುದು. ಆನ್‌ಲೈನ್ ಅರ್ಜಿಯಲ್ಲಿ ಯಾವ ತರದ ಅಂಗವೈಕಲ್ಯ ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ಟಿಕ್ ಮಾಡಿದ್ದನ್ನು ನೋಡಿಯೇ ಆಸ್ಪತ್ರೆಯಲ್ಲಿ ಯಾವ ಡಾಕ್ಟರ ಹತ್ತಿರ ಕಳುಹಿಸುವುದು ಅಂತ ನಿರ್ಧಾರ. ಕೋಲು ಹಿಡಿದುಕೊಂಡು ಬಂದವರನ್ನು ನೋಡಿದರೆ ಎಲ್ಲರೂ ಕಾಲಿಗೇ ಟಿಕ್ ಮಾಡುವುದು. ಹೊರಗೆ ಕ್ಯೂ ಇರುತ್ತದೆ, ಪೆನ್ಷನ್ ಮಸ್ಟರಿಂಗ್ (ಪಿಂಚಣಿದಾರರು ಬದುಕಿದ್ದಾರೆ ಅಂತ ಬೆರಳು ಒತ್ತಿ ದಾಖಲಿಸುವುದು) ಸಮಯದಲ್ಲಂತೂ ಕೇಳುವುದೇ ಬೇಡ. "ಬೇರೆ ಏನಾದರೂ ಉಂಟಾ" ಅಂತ ಕೇಳುವವರು ಕಡಿಮೆ. ಒಂದನ್ನೇ ಟಿಕ್ ಮಾಡಿದ್ದರೆ ಕಣ್ಣಿನ ವಿಭಾಗಕ್ಕೆ ಆ ಹೆಸರು ಹೋಗುವುದೇ ಇಲ್ಲ. ಅರ್ಜಿಯ ಪ್ರಿಂಟ್ ನಿಮ್ಮ ಹತ್ತಿರ ಇದ್ದರೆ ನೋಡಿ, ಗೊತ್ತಾಗುತ್ತದೆ.


ನಿವೃತ್ತ ಮಾಷ್ಟ್ರು:

ಅಕ್ಷಯದ ಮಗಳು ಸರಿಯಾಗಿ ಹೇಳಿದಳು. ತಂಗೀ, ನಿಮ್ಮ ಅಪೀಲು ಆ ಕಣ್ಣಿನಲ್ಲಿ ಇದೆ. ಕಾಲಿಗೆ ನಾಲ್ಕು ಪರ್ಸೆಂಟ್ ಜಾಸ್ತಿ ಕೊಡಿ ಅಂತ ಜಗಳ ಮಾಡುವುದಲ್ಲ. "ಇರುವ ಇನ್ನೊಂದು ಅಂಗವೈಕಲ್ಯವನ್ನು ಪರೀಕ್ಷೆ ಮಾಡಲೇ ಇಲ್ಲ" ಅಂತ ಹೇಳುವುದು. ಮೊದಲನೆಯದು ಡಾಕ್ಟರ ಅಂದಾಜಿನ ಮೇಲೆ ನಿಮ್ಮ ಅಂದಾಜು. ಎರಡನೆಯದನ್ನು ಅಲ್ಲಗಳೆಯಲು ಯಾರಿಗೂ ಆಗುವುದಿಲ್ಲ.

ಲೆಕ್ಕ ಹೇಳುತ್ತೇನೆ. ಪರ್ಸೆಂಟ್ ಹಾಕುವುದಕ್ಕೆ ಕೇಂದ್ರ ಸರಕಾರದ ಮಾರ್ಗಸೂಚಿ ಇದೆ. 2018ರ ಜನವರಿಯಲ್ಲಿ ಬಂದದ್ದು, 2024ರ ಮಾರ್ಚ್‌ನಲ್ಲಿ ಪರಿಷ್ಕರಿಸಿದ್ದಾರೆ. ಅದರ ಕಣ್ಣಿನ ಪಟ್ಟಿಯಲ್ಲಿ ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ 30 ಪರ್ಸೆಂಟ್. ಬರೇ 30ಕ್ಕೆ ಪಿಂಚಣಿ ಇಲ್ಲ. ಹಾಗಾಗಿ ಒಕ್ಕಣ್ಣಿನವರು ಹೆಚ್ಚಿನವರು ಸರ್ಟಿಫಿಕೇಟಿನ ಗೋಜಿಗೇ ಹೋಗುವುದಿಲ್ಲ. ಆದರೆ ಎರಡು ಅಂಗವೈಕಲ್ಯ ಇದ್ದವರಿಗೆ ಎರಡನ್ನೂ ಸೇರಿಸುವ ಸೂತ್ರ ಅದೇ ಮಾರ್ಗಸೂಚಿಯಲ್ಲಿ ಇದೆ. 2017ರ ನಿಯಮದಲ್ಲಿ ಅಂಥವರಿಗೆ ಸರ್ಟಿಫಿಕೇಟಿನ ನಮೂನೆಯೇ ಬೇರೆ, 6ನೇ ನಮೂನೆ. ನಿಮಗೆ ಸಿಕ್ಕಿದ್ದು ಒಂದೇ ಅಂಗವೈಕಲ್ಯದವರಿಗೆ ಕೊಡುವಂಥದ್ದು.


ಕುಂಬಳೆ ಪ್ಯಾಸೆಂಜರ್:

ಹಾಗಾದರೆ 36 ಮತ್ತು 30, ಒಟ್ಟು 66 ಆಯಿತಲ್ಲ ಮಾಷ್ಟ್ರೇ! ಭರ್ಜರಿ. ಮಂಗಳೂರು ಬೇಡ, ಒಪ್ಪಿದೆ.


ನಿವೃತ್ತ ಮಾಷ್ಟ್ರು:

ಅಷ್ಟು ಸುಲಭದ ಕೂಡಿಸುವ ಲೆಕ್ಕ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ ಮಾರಾಯರೇ. ಎರಡರಲ್ಲಿ ದೊಡ್ಡದನ್ನು ಮೊದಲು ಇಡಬೇಕು. 90ರಿಂದ ಅದನ್ನು ಕಳೆಯಬೇಕು. ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ 90ರಿಂದ ಭಾಗಿಸಬೇಕು. ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. ಇಲ್ಲಿ ದೊಡ್ಡದು 36. 90ರಲ್ಲಿ 36 ಹೋದರೆ 54. 54 ಗುಣಿಸು 30, ಭಾಗಿಸು 90, ಅಂದರೆ 18. 36ಕ್ಕೆ 18 ಸೇರಿಸಿದರೆ 54 ಪರ್ಸೆಂಟ್.

66 ಅಲ್ಲ. ಆದರೆ 40 ದಾಟಿತು, ಅದೂ ಆರಾಮವಾಗಿ.

ಇನ್ನು ತಂಗಿಯ ಹೆದರಿಕೆಯ ಪ್ರಶ್ನೆ, ಇದ್ದದ್ದೂ ಕಡಿಮೆಯಾದರೆ ಅಂತ. ಮತ್ತೆ ಪರೀಕ್ಷೆ ಮಾಡುವಾಗ ಕಾಲಿನದ್ದು ಇಳಿಯಬಹುದು, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಕಾಲಿಗೆ 20 ಕೊಟ್ಟರು ಅಂತ ಇಟ್ಟುಕೊಳ್ಳಿ. ಆಗ ಕಣ್ಣಿನ 30 ದೊಡ್ಡದಾಗುತ್ತದೆ. 90ರಲ್ಲಿ 30 ಹೋಗಿ 60, ಅದನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ 13 ಚಿಲ್ಲರೆ. ಒಟ್ಟು 43. ಇನ್ನೂ ಇಳಿಸಿ 15 ಕೊಟ್ಟರೂ ಸರಿಯಾಗಿ 40 ಬರುತ್ತದೆ. ರಾಡ್ ಹಾಕಿ ಗಿಡ್ಡವಾದ ಕಾಲಿಗೆ 36 ಕೊಟ್ಟವರು 15ಕ್ಕೆ ಇಳಿಯುವುದು ಕಷ್ಟ. ಹೆದರಬೇಡಿ.

ಗಿಡ್ಡ ಅಂದಿರಲ್ಲ, ಅದನ್ನು ಅಳೆದು ಬರೆದಿದ್ದಾರಾ ಅಂತಲೂ ನೋಡಿ. ಕಾಲು ಗಿಡ್ಡವಾದದ್ದಕ್ಕೆ ಪ್ರತ್ಯೇಕ ಅಂಕ ಇದೆ. ಮೊದಲಿನ ಅರ್ಧ ಇಂಚಿಗೆ ಏನೂ ಇಲ್ಲ, ಆಮೇಲಿನ ಪ್ರತಿ ಅರ್ಧ ಇಂಚಿಗೆ 4. ಇದು ಅಳೆಯುವ ಟೇಪಿನ ವಿಷಯ, ವಾದ ಮಾಡುವುದಕ್ಕೆ ಏನೂ ಇಲ್ಲ.


ಕೋರ್ಟು ಗುಮಾಸ್ತ:

ಮಾಷ್ಟ್ರ ಲೆಕ್ಕಕ್ಕೆ ಕಾನೂನಿನ ಎರಡು ಸಾಲು ನನ್ನದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, 59ನೇ ಸೆಕ್ಷನ್. ಸರ್ಟಿಫಿಕೇಟ್ ಕೊಡುವ ಅಧಿಕಾರಿಯ ತೀರ್ಮಾನದ ಮೇಲೆ ಅಪೀಲು ಮಾಡುವ ಹಕ್ಕು ಅಲ್ಲಿ ಇದೆ. ಯಾರಿಗೆ, ಎಷ್ಟು ದಿನದೊಳಗೆ ಎಂಬುದನ್ನು ರಾಜ್ಯ ಸರಕಾರ ಗೊತ್ತುಪಡಿಸುತ್ತದೆ. ಗಡುವು ಇರುವ ಸಂಗತಿ, ಆದ ಕಾರಣ "ಮುಂದಿನ ವರ್ಷ ನೋಡುವ" ಅನ್ನುವವರ ಮಾತು ಕೇಳಬೇಡಿ. ಕಾಸರಗೋಡು ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿ ಇದೆ. ಅಪೀಲು ಅಧಿಕಾರಿ ಯಾರು, ವಿಳಾಸ ಏನು ಅಂತ ಅಲ್ಲಿ ಬರೆಸಿಕೊಳ್ಳಿ. ಜಿಲ್ಲಾ ವೈದ್ಯಾಧಿಕಾರಿಯ ಕಚೇರಿ ಕಾಞಂಗಾಡಿನಲ್ಲಿ. ನಿಮ್ಮ ಕಡೆಯಿಂದ ಅದು ದೂರ, ಮೊದಲು ವಿದ್ಯಾನಗರವೇ ಒಳ್ಳೆಯದು.

ಭಾಷೆಯ ಬಗ್ಗೆ: ಕನ್ನಡದಲ್ಲೇ ಬರೆಯಿರಿ. ಕೇರಳದ ಭಾಷಾ ಕಾನೂನಿನಲ್ಲೇ ಇದೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ಪತ್ರ ವ್ಯವಹಾರ ಮಾಡಬಹುದು, ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಲ್ಲೂ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಲು ಬಿಡುತ್ತದೆ. ಇಷ್ಟು ಹೇಳಿದ ಮೇಲೆ ನನ್ನ ಸ್ವಂತ ಅಭಿಪ್ರಾಯ: ಮೇಲೆ ಕನ್ನಡ ಪ್ರತಿ, ಕೆಳಗೆ ಇಂಗ್ಲಿಷ್ ಅನುವಾದ ಒಂದು ಪುಟ ಇಡಿ. ಹಕ್ಕು ನಿಮ್ಮದೇ, ಆದರೆ ಓದುವ ಡಾಕ್ಟರು ಕೊಲ್ಲದವರೋ ಕೋಟ್ಟಯದವರೋ ಇರಬಹುದು. ಫೈಲು "ಅನುವಾದಕ್ಕೆ" ಅಂತ ಒಂದು ಮೇಜಿನಲ್ಲಿ ಮಲಗುವುದು ಬೇಡ. ಪಂಚಾಯತಿನ ಆ ಮಲಯಾಳ ಕಾಗದವನ್ನು ಕನ್ನಡದಲ್ಲಿ ಕೊಡಿ ಅಂತಲೂ ಒಂದು ಸಾಲು ಬರೆದು ಕೇಳಿ, ಕೇಳಿದ್ದಕ್ಕೆ ದಾಖಲೆ ಇರಲಿ.

ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ. ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಸೆಕ್ಷನ್. ಜಿಲ್ಲಾ ಪ್ರಾಧಿಕಾರ ವಿದ್ಯಾನಗರದ ಕೋರ್ಟು ಆವರಣದಲ್ಲೇ ಇದೆ. ಅಪೀಲಿಗೆ ಉತ್ತರವೇ ಬರದಿದ್ದರೆ ತಿರುವನಂತಪುರದ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

ಎಂಟು ಸಾವಿರದ ಮನುಷ್ಯನಿಗೆ ನಮಸ್ಕಾರ ಹೇಳಿ ಕಳುಹಿಸಿ. ಅದೇ ಕಾಯಿದೆಯ 91ನೇ ಸೆಕ್ಷನ್ ಪ್ರಕಾರ ಮೋಸದಿಂದ ಸವಲತ್ತು ಪಡೆದರೆ, ಪಡೆಯಲು ನೋಡಿದರೂ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಸಿಕ್ಕಿಬೀಳುವುದು ಸರ್ಟಿಫಿಕೇಟಿನಲ್ಲಿ ಹೆಸರು ಇದ್ದವ. ದುಡ್ಡು ತೆಗೆದುಕೊಂಡವನ ಹೆಸರು ಎಲ್ಲಿಯೂ ಇರುವುದಿಲ್ಲ.


ಗಡಿನಾಡ ತಂಗಿ:

ಎಲ್ಲರಿಗೂ ತುಂಬಾ ಉಪಕಾರ. 54 ಅಂತ ಓದಿ ಕೈಯೇ ನಡುಗಿತು. ಅಣ್ಣನಿಗೆ ಓದಿ ಹೇಳಿದೆ. ಅವನು ಎಂತ ಹೇಳಿದ ಗೊತ್ತಾ? "ಕಣ್ಣು ಹೋದದ್ದು ಹೇಳಿ ದುಡ್ಡು ಕೇಳುವುದಾ? ಆ ಕಣ್ಣಿಲ್ಲದೆ ನಾನು ಇಷ್ಟು ವರ್ಷ ದುಡಿದಿಲ್ಲವಾ?" ಅಂದ. ಊಟಕ್ಕೂ ಸರಿಯಾಗಿ ಕೂತಿಲ್ಲ. ಬೋರ್ಡಿನಲ್ಲೂ ಹಾಗೇ ಮಾಡಿದ್ದ. ಡಾಕ್ಟರು "ನಡೆಯಲಿಕ್ಕೆ ಆಗುತ್ತದಾ" ಅಂತ ಕೇಳಿದರು. ಇವನು ಕೋಲು ಗೋಡೆಗೆ ಒರಗಿಸಿ ನಾಲ್ಕು ಹೆಜ್ಜೆ ನಡೆದು ತೋರಿಸಿದ, ಪರೀಕ್ಷೆಯಲ್ಲಿ ಪಾಸಾಗಬೇಕು ಅನ್ನುವ ಹಾಗೆ. ನಾನು ಹೊರಗೆ ಇದ್ದೆ, ಒಳಗೆ ಬಿಟ್ಟಿರಲಿಲ್ಲ.

ಮತ್ತೆ ಕರೆದರೆ ಇವನು ಇದನ್ನೇ ಮಾಡುತ್ತಾನೆ. ಇವನಿಗೆ ಹೇಗೆ ಹೇಳುವುದು?


ನಿವೃತ್ತ ಮಾಷ್ಟ್ರು:

ನಿಮ್ಮ ಅಣ್ಣನ ಮೇಲೆ ನನಗೆ ಗೌರವ ಜಾಸ್ತಿಯಾಯಿತು. ನನ್ನ ಮಗನಿಗೆ ಹುಟ್ಟಿನಿಂದ ಕಾಲಿನ ತೊಂದರೆ. ಅವನೂ ಹೀಗೆಯೇ. ಯಾರಾದರೂ ಕೇಳಿದರೆ "ಆರಾಮ". ನಮ್ಮ ಕಡೆ ಗಂಡಸರಿಗೆ ಬೇರೆ ಉತ್ತರವೇ ಗೊತ್ತಿಲ್ಲ ಅಲ್ವಾ.

ಅವನಿಗೆ ಹೀಗೆ ಹೇಳಿ. ಬೋರ್ಡು ಕೇಳುವುದು ಕಷ್ಟ ಎಷ್ಟು ಅಂತ ಅಲ್ಲ. ದುಃಖ ತೋಡಿಕೊಳ್ಳಬೇಕಾಗಿಲ್ಲ, ಅಳಬೇಕಾಗಿಲ್ಲ, ಸುಳ್ಳಂತೂ ಬೇಡವೇ ಬೇಡ. ಕಾಲಿನ ಪರೀಕ್ಷೆಯಲ್ಲಿ ಎರಡು ಭಾಗ. ಒಂದರಲ್ಲಿ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲ ಇದೆ ಅಂತ ಡಾಕ್ಟರು ಅಳೆಯುತ್ತಾರೆ. ಇನ್ನೊಂದರಲ್ಲಿ ಒಂಬತ್ತು ಕೆಲಸ ಇವೆ. ಸಮ ನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲಿನಲ್ಲಿ ನಿಲ್ಲುವುದು, ಪೆಟ್ಟಾದ ಕಾಲೊಂದರಲ್ಲೇ ನಿಲ್ಲುವುದು, ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಮೊಣಕಾಲೂರುವುದು, ತಿರುಗುವುದು. ಪ್ರತಿಯೊಂದಕ್ಕೂ 10 ಅಂಕ. ಮಾಡಲು ಆಗದ್ದಕ್ಕೆ ಅಂಕ, ಆಗುವುದಕ್ಕೆ ಸೊನ್ನೆ. ನಮ್ಮ ಶಾಲೆಯ ಪರೀಕ್ಷೆಯ ತಿರುಗುಮುರುಗು.

ಇವನು ನಾಲ್ಕು ಹೆಜ್ಜೆ ನಡೆದು ತೋರಿಸಿದ್ದು ಮೊದಲನೆಯ ಕೆಲಸ ಒಂದೇ. ಉಳಿದ ಎಂಟರಲ್ಲಿ ನೀವೇ ಹೇಳಿದ್ದೀರಿ, ತೋಟಕ್ಕೆ ಇಳಿಯಲು ಆಗುವುದಿಲ್ಲ, ನೆಲದಲ್ಲಿ ಕೂರಲು ಆಗುವುದಿಲ್ಲ. ಒಂಬತ್ತನ್ನೂ ಮನೆಯಲ್ಲಿ ಒಂದು ಸಲ ಮಾಡಿಸಿ ನೋಡಿ, ನೀವು ಪಕ್ಕದಲ್ಲೇ ನಿಂತು, ಬೀಳದ ಹಾಗೆ. ಯಾವುದು ಆಗುತ್ತದೆ, ಯಾವುದು ಹಿಡಿದುಕೊಂಡರೆ ಆಗುತ್ತದೆ, ಯಾವುದು ಆಗುವುದೇ ಇಲ್ಲ ಅಂತ ಒಂದು ಕಾಗದದಲ್ಲಿ ಬರೆಯಿರಿ. ಆ ಕಾಗದವನ್ನು ಅಪೀಲಿನ ಜೊತೆ ಇಡಿ. ಆಮೇಲೆ ಅವನು ಬಾಯಿಯಲ್ಲಿ "ಆರಾಮ" ಅಂದರೂ ಕಾಗದ ಬೇರೆಯೇ ಹೇಳುತ್ತದೆ. ಮತ್ತೆ, ಕೋಲು ಕೈಯಲ್ಲೇ ಇರಲಿ. ದಿನಾ ಹೇಗೆ ನಡೆಯುತ್ತಾನೋ ಅಲ್ಲಿಯೂ ಹಾಗೆಯೇ ನಡೆಯಬೇಕು.

ಕಣ್ಣಿಗೆ ಸರಕಾರಿ ಕಣ್ಣಿನ ಡಾಕ್ಟರಿಂದ ಒಂದು ವರದಿ ಬೇಕು. ಎರಡೂ ಕಣ್ಣಿನ ದೃಷ್ಟಿ ಬೇರೆ ಬೇರೆ ಬರೆದಿರಬೇಕು. ಎಡಗಣ್ಣಿಗೆ ಬೆಳಕೂ ತಿಳಿಯುವುದಿಲ್ಲ ಅಂತ ಸ್ಪಷ್ಟವಾಗಿ ಇರಬೇಕು. ಹಳೆ ಪೆಟ್ಟಿನ ದಾಖಲೆ ಇಲ್ಲದಿದ್ದರೂ ನಡೆಯುತ್ತದೆ, ಕಣ್ಣನ್ನು ನೋಡಿದರೆ ಗೊತ್ತಾಗುತ್ತದೆ. ಮಂಗಳೂರಿನ ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ನಿಗೆ ಮೊದಲಿನ ಮತ್ತು ಆಮೇಲಿನ ಎಕ್ಸ್‌ರೇ, ಈಗಿನ ಎಕ್ಸ್‌ರೇ, ಯುಡಿಐಡಿ ಕಾರ್ಡಿನ ಪ್ರತಿ, ಸರ್ಟಿಫಿಕೇಟಿನ ಪ್ರತಿ, ಪಂಚಾಯತಿನ ಕಾಗದದ ಪ್ರತಿ. ಅಸಲು ಯಾವುದನ್ನೂ ಕೊಡಬೇಡಿ.

ಪತ್ರ ಉದ್ದ ಬೇಡ. ಹೀಗೆ ಬರೆಯಬಹುದು:

"ನನಗೆ ಎರಡು ಅಂಗವೈಕಲ್ಯಗಳಿವೆ. ಬಲಗಾಲಿನದ್ದು ಮತ್ತು ಎಡಗಣ್ಣಿನದ್ದು. ಇಂಥ ದಿನಾಂಕದ, ಇಂಥ ನಂಬರಿನ ಸರ್ಟಿಫಿಕೇಟಿನಲ್ಲಿ ಬಲಗಾಲನ್ನು ಮಾತ್ರ ಪರೀಕ್ಷಿಸಿ 36 ಶೇಕಡಾ ನೀಡಲಾಗಿದೆ. ಎಡಗಣ್ಣನ್ನು ಕಣ್ಣಿನ ತಜ್ಞರು ಪರೀಕ್ಷಿಸಿಲ್ಲ. ಕಾಲು ಗಿಡ್ಡವಾಗಿರುವುದನ್ನು ಅಳತೆ ಮಾಡಿ ನಮೂದಿಸಿಲ್ಲ. 2016ರ ಕಾಯಿದೆಯ 59ನೇ ಸೆಕ್ಷನ್ ಪ್ರಕಾರ ಈ ಅಪೀಲು ಸಲ್ಲಿಸುತ್ತಿದ್ದೇನೆ. ಮೂಳೆ ಮತ್ತು ಕಣ್ಣಿನ ತಜ್ಞರಿಬ್ಬರಿಂದಲೂ ಮರುಪರೀಕ್ಷೆ ಮಾಡಿಸಿ, ಎರಡನ್ನೂ ಮಾರ್ಗಸೂಚಿಯ ಸೂತ್ರದಂತೆ ಸೇರಿಸಿ, ಬಹು ಅಂಗವೈಕಲ್ಯದ ಸರ್ಟಿಫಿಕೇಟ್ ನೀಡಬೇಕಾಗಿ ಕೋರುತ್ತೇನೆ."

ಅಳತೆಯ ಸಾಲನ್ನು ಸರ್ಟಿಫಿಕೇಟ್ ನೋಡಿ ಹಾಕಿ. ಅಳೆದಿದ್ದರೆ ಆ ಸಾಲು ಬೇಡ. ಬಡತನದ ಕತೆ, ಮಕ್ಕಳ ಓದು, ಸಾಲ, ಇದು ಯಾವುದೂ ಇಲ್ಲಿ ಬೇಡ. ಅದು ನಿಜವೇ, ಆದರೆ ಬೋರ್ಡಿನವರ ಪಟ್ಟಿಯಲ್ಲಿ ಅದಕ್ಕೆ ಅಂಕ ಇಲ್ಲ. ಪಿಂಚಣಿ ಅರ್ಜಿಯಲ್ಲಿ ಅದಕ್ಕೆ ಜಾಗ ಬರುತ್ತದೆ.


ಅಕ್ಷಯದ ಹುಡುಗಿ:

ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರು (ಕಚೇರಿಗೆ ಬಂದ ಕಾಗದಕ್ಕೆ ಹಾಕುವ ನಂಬರು) ಹಾಕಿಸಿಕೊಳ್ಳಿ ಅಕ್ಕ. ಅಂಚೆಯಲ್ಲಿ ಆದರೆ ಸ್ಪೀಡ್ ಪೋಸ್ಟ್. ಹಳೆ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿಗೇ ಸೇರಿಸಿದ್ದಾರೆ.

ಇನ್ನೊಂದು. ಹೊಸ ಸರ್ಟಿಫಿಕೇಟ್ ಬಂದ ಮೇಲೆ ಪಿಂಚಣಿ ತನ್ನಷ್ಟಕ್ಕೆ ಬರುವುದಿಲ್ಲ. ಪಂಚಾಯತಿಗೆ ಮತ್ತೆ ಅರ್ಜಿ ಕೊಡಬೇಕು. ಕುಟುಂಬದ ವಾರ್ಷಿಕ ಆದಾಯ 1 ಲಕ್ಷದೊಳಗೆ ಇರಬೇಕು, ವಿಲ್ಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟ್ ಬೇಕು. ಬೋರ್ಡಿನ ದಿನ ಗೊತ್ತಾದ ಮೇಲೆ ಅದಕ್ಕೆ ಅರ್ಜಿ ಹಾಕಿದರೆ ಸಾಕು, ಈಗಲೇ ಮಾಡಿಸಿ ಹಳೆಯದಾಗುವುದು ಬೇಡ. ತಿಂಗಳಿಗೆ 1,600 ಇದ್ದದ್ದು 2025ರ ನವೆಂಬರಿನಿಂದ 2,000 ಆಗಿದೆ. ಮಂಜೂರಾದ ಮೇಲೆ ವರ್ಷಕ್ಕೊಮ್ಮೆ ಮಸ್ಟರಿಂಗ್ ಮರೆಯಬೇಡಿ. ಅದು ತಪ್ಪಿ ನಿಂತುಹೋದ ಪಿಂಚಣಿಗೆ ಅಪೀಲು ಬರೆಸಲು ನಮ್ಮಲ್ಲಿಗೆ ಎಷ್ಟೋ ಜನ ಬರುತ್ತಾರೆ. ಅದಕ್ಕೆ ಅಪೀಲು ಬೇಡ, ಬೆರಳು ಒತ್ತಿದರೆ ಸಾಕು.


ಎಣ್ಮಕಜೆ ಮಣ್ಣು:

ಬೋರ್ಡಿನ ಪರೀಕ್ಷೆಯ ಹಾಳೆ ಕೂಡ ಕೇಳಿ ತೆಗೆದುಕೊಳ್ಳಿ. 36 ಅಂತ ಬಂದದ್ದು ಹೇಗೆ, ಯಾವುದಕ್ಕೆ ಎಷ್ಟು ಅಂತ ಅದರಲ್ಲಿ ಇರುತ್ತದೆ. ಬಾಯಿಮಾತಿನಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಅಣ್ಣನ ಹೆಸರಿನಲ್ಲೇ. ಹತ್ತು ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಆದರೆ ಹತ್ತು ರೂಪಾಯಿಯೂ ಬೇಡ. ಅದು ಬರುವವರೆಗೆ ಅಪೀಲು ತಡೆಹಿಡಿಯಬೇಡಿ, ಎರಡೂ ಒಟ್ಟಿಗೆ ಹೋಗಲಿ.


ಗಡಿನಾಡ ತಂಗಿ:

ಅಣ್ಣ ಒಪ್ಪಿದ. ಕಣ್ಣಿಗಾಗಿ ಅಲ್ಲವಂತೆ. "ಮಾಷ್ಟ್ರು ಅಷ್ಟು ಲೆಕ್ಕ ಹಾಕಿದ್ದಾರಲ್ಲ" ಅಂತ. ಒಂಬತ್ತು ಕೆಲಸ ಮಾಡಿಸಿ ನೋಡಿದೆವು. ಮೂರು ಆಗುತ್ತದೆ, ಎರಡು ಗೋಡೆ ಹಿಡಿದರೆ ಆಗುತ್ತದೆ, ಉಳಿದದ್ದು ಇಲ್ಲ. ಮೊಣಕಾಲೂರಲು ಹೋಗಿ ಅವನೇ ಬೈದುಕೊಂಡು ಎದ್ದ. ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು, ಹಾಗೆಯೇ ವಿದ್ಯಾನಗರಕ್ಕೆ. ಸರ್ಟಿಫಿಕೇಟಿನಲ್ಲಿ ಕಾಲಿನ ಉದ್ದದ ಅಳತೆ ಎಲ್ಲಿಯೂ ಇಲ್ಲ, ಹಾಗಾಗಿ ಆ ಸಾಲು ಇಟ್ಟುಕೊಂಡಿದ್ದೇನೆ. ಇಂಗ್ಲಿಷ್ ಪುಟ ಪಕ್ಕದ ಮನೆಯ ಹುಡುಗಿ ಬರೆದುಕೊಡುತ್ತಾಳಂತೆ.

ಒಂದು ಪ್ರಶ್ನೆ ಉಳಿಯಿತು. ಬೋರ್ಡಿಗೆ ಕರೆದಾಗ ನಾನು ಒಳಗೆ ಹೋಗಬಹುದಾ?


ನಿವೃತ್ತ ಮಾಷ್ಟ್ರು:

ಅಪೀಲಿನ ಕೊನೆಯಲ್ಲೇ ಬರೆಯಿರಿ, "ಪರೀಕ್ಷೆಯ ಸಮಯದಲ್ಲಿ ನನ್ನ ತಂಗಿ ಜೊತೆಗಿರಲು ಅನುಮತಿ ಕೊಡಬೇಕು" ಅಂತ. ಬಾಗಿಲ ಹತ್ತಿರ ಕೇಳಿದರೆ ಕಾವಲಿನವರು ಇಲ್ಲ ಅಂತಾರೆ. ಕಾಗದದಲ್ಲಿ ಇದ್ದರೆ ಡಾಕ್ಟರನ್ನೇ ಕೇಳಬಹುದು. ಸಹಿ ಅಣ್ಣನದ್ದೇ ಇರಲಿ. ಇನ್‌ವರ್ಡ್ ನಂಬರು ಸಿಕ್ಕಿದ ಮೇಲೆ ಅದರ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಇಲ್ಲಿ ಹಾಕಬೇಡಿ. ಆಧಾರ್ ನಂಬರು ಎಲ್ಲರೂ ನೋಡುವುದು ಬೇಡ.